ಸಾಹುಕಾರರ ಬಾಯಿಗೆ ಟವೆಲ್

ಶ್ರೀಶೈಲ ಮೊದಲು ಮನೆ ಬಿಟ್ಟದ್ದು ನಾಗರಪಂಚಮಿಯ ದಿನ, ಶಾಲೆಯ ಪಾಟಿಚೀಲವನ್ನು ಜೋಕಾಲಿಗೆ ತೂಗುಹಾಕಿ. ಊರೂರು ತಿರುಗಿ, ಈಗ ಮುರಿಗೆಪ್ಪ ಸಾಹುಕಾರರ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿದ್ದ. ಮಗ್ಗಗಳ ಗದ್ದಲಕ್ಕೆ ಹಿರಿಯ ನೇಕಾರ ರಾಚಪ್ಪನ ಕಿವಿ ಹೋಗಿಯೇಬಿಟ್ಟಿತ್ತು. ಉಳಿದವರದು ಹೋಗುವ ದಾರಿಯಲ್ಲಿತ್ತು. ಕಿವಿಮುಚ್ಚಳ ಕೇಳಿದವರನ್ನು ಸಾಹುಕಾರ ನಕ್ಕು ಕಳಿಸುತ್ತಿದ್ದ.

ಅವತ್ತು ಕಾರ್ಖಾನೆ ಇನ್ಸ್‌ಪೆಕ್ಟರು ಬಂದರು.

"ಇವರ ಕಿವಿಗೆ ಏನಾಗೇತ್ರಿ? ನೋಡ್ರಿ," ಎಂದ ಸಾಹುಕಾರ ಬಾಗಿಲಲ್ಲೇ ನಿಂತು, "ರಾಚಪ್ಪಾ, ನೀರು ತಾ," ಎಂದ. ರಾಚಪ್ಪ ತಂದುಕೊಟ್ಟ. ಇನ್ಸ್‌ಪೆಕ್ಟರು ತಲೆದೂಗಿ ಪೆನ್ನು ತೆಗೆದರು.

ಶೆಡ್ಡಿನಲ್ಲಿ ಎಲ್ಲರೂ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು. ಅದನ್ನು ಈಗ ಬಾಯಿಬಿಟ್ಟು ಹೇಳಿದರೆ ಶ್ರೀಶೈಲನೇ ಸುಳ್ಳುಗಾರನಾಗುತ್ತಾನೆ. ಒಗೆದ ಟವೆಲ್ ಹಿಡಿದು ಓಡಿಬಂದ.

"ಹತ್ತಿ ಧೂಳು ಭಾಳ ಐತ್ರಿ ಸಾಹುಕಾರ್ರ. ನಿಮ್ಮಂಥೋರು ಬಾಯಿಗೆ ಕಟ್ಕೋಬೇಕ್ರಿ."

ಸಾಹುಕಾರ ಉಬ್ಬಿ ಕಟ್ಟಿಕೊಂಡ.

"ರಾಚಪ್ಪನ್ನ ಇನ್ನೊಮ್ಮೆ ಕರೀರಿ. ಸಾಹೇಬ್ರಿಗೂ ಖಾತ್ರಿ ಆಗ್ಲಿ," ಎಂದ ಶ್ರೀಶೈಲ.

ಸಾಹುಕಾರ ಕರೆದ. ರಾಚಪ್ಪ ಅವನ ಮುಖವನ್ನೇ ನೋಡುತ್ತ ಸುಮ್ಮನೆ ನಿಂತಿದ್ದ. ಮತ್ತೆ ಕರೆದ, ಕುತ್ತಿಗೆಯ ನರ ಉಬ್ಬಿದವು. ಇನ್ಸ್‌ಪೆಕ್ಟರು ಎಲ್ಲ ಮಗ್ಗ ನಿಲ್ಲಿಸಿದರು. ಆ ಮೌನದಲ್ಲೂ ಸಾಹುಕಾರ ಕೂಗಿದ. ರಾಚಪ್ಪ ಪಾಪ, ಅವನ ಕಣ್ಣಿನಲ್ಲೇ ಮಾತು ಹುಡುಕುತ್ತಿದ್ದ.

"ಎಲ್ಲರಿಗೂ ಕಿವಿಮುಚ್ಚಳ ಬರೋತನಕ ಒಂದು ಮಗ್ಗಾನೂ ತಿರುಗಬಾರದು," ಎಂದು ಇನ್ಸ್‌ಪೆಕ್ಟರು ಬರೆದು ಕೈಗಿಟ್ಟು ಹೋದರು.

ಶ್ರೀಶೈಲ ಹೊರಡಲು ಹಾಸಿಗೆ ಸುತ್ತತೊಡಗಿದ. ಸಾಹುಕಾರ ಬಂದು ಬೆರಳು ಆಡಿಸಿ ಬೈದೇ ಬೈದ. ಟವೆಲ್ ಇನ್ನೂ ಬಾಯಿಯ ಮೇಲೇ ಇತ್ತು.

"ಅದನ್ನ ತೆಗೆದು ಬೈರಿ ಸಾಹುಕಾರ್ರ," ಎಂದ ಶ್ರೀಶೈಲ, ಹಾಸಿಗೆಯ ಗಂಟು ಬಿಗಿಯುತ್ತ. "ನಾನೂ ಇಲ್ಲೇ ಎರಡು ವರ್ಷ ದುಡದೀನಿ."