ಸೂಲಗಿತ್ತಿಯ ಕೈಗವಸು

"ಗುರುಗಳೇ, ತಾವು ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೆಯೇ ಜನರಿಗೆ ದಾಟಿಸಬೇಕೋ, ಅವರವರಿಗೆ ತಕ್ಕಂತೆ ಬದಲಿಸಬಹುದೋ?" ಎಂದು ಮುರಿಗಯ್ಯ ಕೇಳಿದನು.

ಮರುದಿನ ಅವನು ಮಠ ಬಿಟ್ಟು ದೂರದ ಊರಿಗೆ ಬೋಧನೆಗೆ ಹೊರಡುವವನಿದ್ದನು. ಗುರುಗಳ ಬಾಯಿಂದ ಬಂದ ಒಂದು ಮಾತೂ ತನ್ನಿಂದ ಹೆಚ್ಚುಕಡಿಮೆಯಾಗಬಾರದೆಂಬ ಭಯ ಅವನಿಗಿತ್ತು. ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಹಿಮ ಬೀಳುವ ಬೆಟ್ಟದ ನಾಡಿನಲ್ಲಿ ಉಣ್ಣೆ ಹೆಣೆಯುವ ಒಬ್ಬ ಹೆಂಗಸಿದ್ದಳು. ಅಲ್ಲಿಯವರು ಬೆರಳಿಲ್ಲದ ಗವಸು ತೊಡುತ್ತಿದ್ದರು. ಅದು ಮಣಿಕಟ್ಟಿನಿಂದ ಬೆರಳುಗಳ ಬುಡದವರೆಗೆ ಕೈಯನ್ನು ಬೆಚ್ಚಗಿಟ್ಟು, ಕೆಲಸಕ್ಕೆಂದು ಬೆರಳುಗಳನ್ನು ಹೊರಗೆ ಬಿಡುತ್ತಿತ್ತು. ಅದನ್ನು ಹೆಣೆಯುವ ಮಾದರಿಯನ್ನು ಅವಳು ಒಬ್ಬ ಮುದುಕಿಯ ಬಳಿ ಕಲಿತಿದ್ದಳು. ಎಲ್ಲಿ ಕುಣಿಕೆ ಕೂಡಿಸಬೇಕು, ಎಲ್ಲಿ ಕಳೆಯಬೇಕು, ಹೆಬ್ಬೆರಳಿಗೆ ಎಲ್ಲಿ ಕಿಂಡಿ ಬಿಡಬೇಕು ಎಂಬುದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಅದರಲ್ಲಿ ಒಂದು ಕುಣಿಕೆಯನ್ನೂ ಅವಳು ತಪ್ಪಿಸಿದವಳಲ್ಲ. ಬಿಗಿಯಾಯಿತೆಂದು ಯಾರಾದರೂ ಬಂದರೆ, ತೊಟ್ಟು ತೊಟ್ಟು ಸರಿಹೋಗುತ್ತದೆ ಎಂದು ಹೇಳಿ ಕಳಿಸುತ್ತಿದ್ದಳು. ಕಲಿಸಿದವಳ ಮೇಲೆ ಅವಳಿಗೆ ಅಷ್ಟು ಭಕ್ತಿ.

ಅದೇ ಊರಿನಲ್ಲಿ ಒಬ್ಬ ಸೂಲಗಿತ್ತಿಯಿದ್ದಳು. ಎಂದೋ ಬಿದ್ದು ಮುರಿದ ಅವಳ ಬಲಗೈಯ ಹೆಬ್ಬೆರಳು ಸೊಟ್ಟಗೆ ಕೂಡಿಕೊಂಡಿತ್ತು. ಅದರ ಬುಡ ದಪ್ಪವಾಗಿ ಮಣಿಕಟ್ಟಿನ ಕಡೆಗೆ ಇಳಿದಿತ್ತು. ಹೆಣಿಗೆಯವಳು ಎಲ್ಲರಿಗೂ ಹೆಣೆದಂತೆ ಅವಳಿಗೂ ಗವಸು ಹೆಣೆದು ಕೊಟ್ಟಳು. ಅದು ಹೆಬ್ಬೆರಳಿನ ಬುಡದಲ್ಲಿ ಕಚ್ಚಿ ಹಿಡಿಯಿತು, ಮಣಿಕಟ್ಟಿನಲ್ಲಿ ಜೋಲಾಡಿತು. ಸೂಲಗಿತ್ತಿ ಕೈಮುಗಿದು ಹೋದಳು.

ಆ ಚಳಿಗಾಲದಲ್ಲಿ ಹೆಣಿಗೆಯವಳ ಮಗಳಿಗೇ ಹೆರಿಗೆ ನೋವು ಬಂತು. ಹೊಟ್ಟೆಯಲ್ಲಿ ಮಗು ಅಡ್ಡ ನಿಂತಿತ್ತು. ಹೇಳಿಕಳಿಸಿದ ಕೂಡಲೇ ಸೂಲಗಿತ್ತಿ ಹಿಮ ತುಳಿಯುತ್ತ ಬಂದಳು. ಗವಸುಗಳು ಅವಳ ಕೈಯಲ್ಲಿರಲಿಲ್ಲ, ಸೊಂಟದಲ್ಲಿದ್ದವು. ತೊಟ್ಟರೆ ಹೆಬ್ಬೆರಳು ಜೋಮು ಹಿಡಿಯುತ್ತಿತ್ತು, ತೊಡದಿದ್ದರೆ ಕೈಯೆಲ್ಲ ಮರಗಟ್ಟುತ್ತಿತ್ತು. ಬಂದವಳು ಬಸುರಿಯನ್ನು ಮುಟ್ಟದೆ ಒಲೆಯ ಮುಂದೆ ಕುಳಿತು ಬೆರಳುಗಳನ್ನು ಕಾಯಿಸಿಕೊಳ್ಳತೊಡಗಿದಳು. ಒಳಗೆ ಮಗಳು ನರಳುತ್ತಿದ್ದಳು. ತಾಯಿ ಬೇಗ ಬಾ ಎಂದು ಅಂಗಲಾಚಿದಳು.

"ಮರಗಟ್ಟಿದ ಬೆರಳಿಗೆ ಮಗು ಕಾಣುವುದಿಲ್ಲ ಅಕ್ಕಾ" ಎಂದಳು ಸೂಲಗಿತ್ತಿ.

ಬೆರಳಿಗೆ ಜೀವ ಬಂದ ಮೇಲೆ ಅವಳು ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು. ಬೆರಳುಗಳು ಮೆಲ್ಲನೆ ಸರಿಯುತ್ತ ಇಲ್ಲಿ ತಲೆ, ಇಲ್ಲಿ ಬೆನ್ನು ಎಂದು ಕೂಸಿನ ಗುರುತು ಹಿಡಿದವು. ಆ ಸೊಟ್ಟ ಹೆಬ್ಬೆರಳು ತಲೆಯ ಹಿಂದೆ ಆನಿಕೊಂಡು ಹದವಾಗಿ ಒತ್ತಿತು. ಒಳಗೆ ಒಂದು ಜೀವ ಹೊರಳಿ ತನ್ನ ದಾರಿಗೆ ತಿರುಗಿದ್ದನ್ನು ಹೆಣಿಗೆಯವಳು ಕಣ್ಣಾರೆ ಕಂಡಳು.

ಮಗು ಹುಟ್ಟಿತು. ಮೈ ನೀಲಿಗಟ್ಟಿತ್ತು, ಅಳಲಿಲ್ಲ. ಸೂಲಗಿತ್ತಿ ಅದರ ಬೆನ್ನು ತಿಕ್ಕಿದಳು, ತಿಕ್ಕುತ್ತಲೇ ಇದ್ದಳು. ಕೊನೆಗೆ ಅದು ಅತ್ತಿತು. ಇನ್ನೊಂದಿಷ್ಟು ತಡವಾಗಿದ್ದರೆ ಅಳುತ್ತಿರಲಿಲ್ಲವೆಂದು ಹೆಣಿಗೆಯವಳಿಗೆ ಗೊತ್ತಾಯಿತು. ತಡವಾದದ್ದು ಏಕೆಂದೂ ಗೊತ್ತಾಯಿತು.

ಮಗಳು ಚೇತರಿಸಿಕೊಂಡ ಮೇಲೆ ಅವಳು ಸೂಲಗಿತ್ತಿಯ ಮನೆಗೆ ಹೋಗಿ, ಆ ಬಲಗೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಕುಳಿತಳು. ಎಷ್ಟೋ ಕೈಗಳಿಗೆ ಹೆಣೆದವಳು ಒಂದು ಕೈಯನ್ನು ಹೀಗೆ ನೋಡಿದ್ದು ಅದೇ ಮೊದಲು. ಆಮೇಲೆ ಗವಸಿನ ನೂಲು ಬಿಚ್ಚಿದಳು. ಬಿಚ್ಚುವಾಗ ಗುಡಿಯ ಕಲ್ಲು ಕೀಳುತ್ತಿದ್ದೇನೆಂದು ಅವಳಿಗೆ ಅನ್ನಿಸಿತು. ಮಣಿಕಟ್ಟಿನಲ್ಲಿ ಕುಣಿಕೆ ಕಳೆದಳು. ಹೆಬ್ಬೆರಳಿನ ಬುಡದಲ್ಲಿ ಕೂಡಿಸುತ್ತ ಹೋದಳು. ಕಿಂಡಿಯನ್ನು ಕೆಳಗಿಳಿಸಿದಳು. ತೊಡಿಸಿ ನೋಡಿ, ಮತ್ತೆ ಬಿಚ್ಚಿ, ಮತ್ತೆ ಹೆಣೆದಳು. ಮಾದರಿ ಬಾಯಿಪಾಠವಾಗಿದ್ದುದರಿಂದಲೇ ಅದನ್ನು ಎಲ್ಲಿ ಬಿಡಬೇಕೆಂಬುದು ಅವಳಿಗೆ ಹೊಳೆಯಿತು. ಕೊನೆಗೆ ಗವಸು ಆ ಕೈಯ ಮೇಲೆ ಚರ್ಮದಂತೆ ಕೂತಿತು. ಸೂಲಗಿತ್ತಿ ಬೆರಳುಗಳನ್ನು ಮಡಿಸಿದಳು, ಬಿಡಿಸಿದಳು. ಅವಳ ಕಣ್ಣು ತುಂಬಿಬಂತು.

ಆದರೆ ಹೆಣಿಗೆಯವಳಿಗೆ ಮನಸ್ಸು ತಡೆಯಲಿಲ್ಲ. ಆ ಗವಸನ್ನು ಕೇಳಿ ಪಡೆದು, ತನಗೆ ಕಲಿಸಿದ ಮುದುಕಿಯ ಬಳಿಗೆ ಹೋಗಿ ಮಾದರಿ ಮುರಿದೆನೆಂದು ಒಪ್ಪಿಕೊಂಡಳು. ಮುದುಕಿಯ ಕಣ್ಣು ಮಂಜಾಗಿತ್ತು. ಅವಳು ಗವಸನ್ನು ಬೆರಳಿನಿಂದ ಸವರುತ್ತ ಬಂದು ಹೆಬ್ಬೆರಳಿನ ಬುಡದಲ್ಲಿ ನಿಲ್ಲಿಸಿದಳು. ಬಹಳ ಹೊತ್ತು ಅಲ್ಲೇ ಮುಟ್ಟಿ ನೋಡಿದಳು. ಇದು ಯಾರ ಕೈ ಎಂದು ಕೇಳಿದಳು. ಹೆಣಿಗೆಯವಳು ನಡೆದದ್ದನ್ನೆಲ್ಲ ಹೇಳಿದಳು.

"ನಾನು ಕಲಿಸಿದ್ದು ನನ್ನ ತಮ್ಮನ ಕೈ, ಮಗಳೇ. ಅವನು ಕುರಿ ಕಾಯುತ್ತಿದ್ದ. ಅವನಿಗೆ ಸರಿಹೋಗಲೆಂದು ನಾನೂ ಹೀಗೆಯೇ ಬಿಚ್ಚಿ ಬಿಚ್ಚಿ ಹೆಣೆದಿದ್ದೆ" ಎಂದಳು ಮುದುಕಿ.

ಹೆಣಿಗೆಯವಳಿಗೆ ಆಗ ಅರಿವಾಯಿತು. ಎಂದೋ ತೀರಿಹೋದ ಒಬ್ಬ ಕುರುಬನ ಕೈಯನ್ನು ಅವಳು ಊರಿಗೆಲ್ಲ ತೊಡಿಸಿದ್ದಳು. ಅವಳು ಬಾಗಿ ಮುದುಕಿಯ ಪಾದ ಮುಟ್ಟಿ, ಸೂಲಗಿತ್ತಿಯ ಗವಸನ್ನು ಕಣ್ಣಿಗೊತ್ತಿಕೊಂಡು ಹಿಂದಿರುಗಿದಳು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಮುರಿಗಯ್ಯ, ಹಾಗಾದರೆ ತಮ್ಮ ಮಾತುಗಳಲ್ಲಿ ಎಲ್ಲರಿಗೂ ಒಪ್ಪುವುದು ಯಾವುದು, ಅದನ್ನಾದರೂ ತಿಳಿಸಿ, ಅದನ್ನು ಬದಲಿಸದೆ ಒಯ್ಯುತ್ತೇನೆ ಎಂದು ಬೇಡಿಕೊಂಡನು.

"ಮುರಿಗಯ್ಯ, ಇಷ್ಟು ವರ್ಷ ನಾನು ಹೆಣೆದದ್ದು ನಿನ್ನೊಬ್ಬನ ಕೈಗೆ" ಎಂದರು ಗುರುಗಳು.