ಸೇತುವೆ ಕೆಡವಿದ ಅಣ್ಣ

ಹೊಳೆಯ ದಂಡೆಯ ಆಶ್ರಮದಲ್ಲಿ ದಸರೆಯ ಸಂಜೆ. ಎಲ್ಲರೂ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು 'ಬಂಗಾರದಂಗ ಇರೂಣು' ಎನ್ನುತ್ತಿದ್ದರು. ಶಿಷ್ಯ ಗುರುಸಿದ್ದ ಮಾತ್ರ ಮುಖ ಗಂಟಿಕ್ಕಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದ.

ಗುರುಗಳು ಬಂದು ಪಕ್ಕದಲ್ಲಿ ಕೂತರು. ಶಿಷ್ಯರಿಗೆಲ್ಲ ಅವರು ಅಜ್ಜಾರು. ಆಶ್ರಮಕ್ಕೆ ಬರುವ ಮೊದಲು ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದವರು.

"ಏನಾತೋ?"

"ಆಟ ತೆರೀವಲ್ದರಿ ಅಜ್ಜಾರ. 'ಈ ಆಟ ನಿಮ್ಮದಲ್ಲ, ಪರವಾನಗಿ ಇಲ್ಲ' ಅಂತದ. ಎರಡು ವರ್ಷ ಕೂತು ಅದರಾಗ ಊರು ಕಟ್ಟೇನ್ರಿ."



"ಏನೇನು ಮಾಡಿ ನೋಡಿದಿ?"

"ಲಾಗೌಟ್ ಮಾಡಿ ಮತ್ತ ಲಾಗಿನ್ ಆದೆ. ಆಟ ಅಳಿಸಿ ಹೊಸದಾಗಿ ಹಾಕಿದೆ. ಕಂಪನಿಯವರಿಗೂ ಬರದೆ. ನಿಮ್ಮ ಕಂಪ್ಯೂಟರಿಗೆ ಏನೂ ಆಗಿಲ್ಲ, ಆಟ ಕೊಂಡವರನ್ನ ಕೇಳ್ರಿ ಅಂದ್ರು."

"ಕೊಂಡಾಂವ ಯಾರು?"

"ನಮ್ಮಣ್ಣ ಚನ್ನವೀರ. ಮನ್ಯಾಗಿನವರೆಲ್ಲ ಆಡಲಿ ಅಂತ ಕುಟುಂಬದ ಗುಂಪು ಮಾಡಿ ನನ್ನನ್ನೂ ಸೇರಿಸಿದ್ದ. ಆ ಗುಂಪಿನಾಗ ಇದ್ದವರಿಗಷ್ಟ ಆಟ ತೆರೀತದ."

"ಈಗ ಆ ಗುಂಪಿನಾಗ ನಿನ್ನ ಹೆಸರದ?"

ಗುರುಸಿದ್ದ ಪರದೆ ನೋಡಲಿಲ್ಲ. ಅವನಿಗೆ ಗೊತ್ತಿತ್ತು.

"ತಗದಾನ್ರಿ."

"ಹಂಗಾರ ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕೀದಿ."

ಗುರುಸಿದ್ದನಿಗೆ ಸಿಟ್ಟು ಬಂತು. "ಗೆಳ್ಯಾ ಒಬ್ಬಾಂವ ಕಳ್ಳ ಕಾಪಿ ಕೊಡ್ತೀನಿ ಅಂದಾನ್ರಿ. ಅದಕ್ಕ ಪರವಾನಗಿ ಬೇಕಾಗಿಲ್ಲ. ಹಾಕ್ಕೊಳ್ಳೇನ್ರಿ?"

"ಹಾಕ್ಕೊಂಡ್ರ ಊರು ತೆರೀತದ. ಅದರಾಗ ನಿಮ್ಮಣ್ಣ ಬರ್ತಾನೇನು?"

ಶಿಷ್ಯ ಮೌಸಿನಿಂದ ಕೈ ತೆಗೆದ. ದಿನಾ ಸಂಜೆ ಇಬ್ಬರೂ ತಮ್ಮ ತಮ್ಮ ಕಂಪ್ಯೂಟರಿನ ಮುಂದೆ ಕೂತು ಕೂಡಿ ಕಟ್ಟಿದ ಊರು ಅದು. ರಸ್ತೆ ತಮ್ಮನದು, ಕೆರೆ ಅಣ್ಣನದು. ಒಬ್ಬನೇ ಹೋಗಿ ಅಲ್ಲಿ ಮಾಡುವುದೇನೂ ಇರಲಿಲ್ಲ.

"ಗುಂಪಿನಿಂದ ನಿನ್ನ ಯಾಕ ತಗದ?"

"ಆ ಊರಾಗ ನಾ ಕಟ್ಟಿದ ಸೇತುವೆ ಕೆಡವಿದನ್ರಿ. ಹೇಳಲಿಲ್ಲ, ಕೇಳಲಿಲ್ಲ. ದೊಡ್ಡದು ಕಟ್ಟಬೇಕಂತ. ನನಗ ಸಿಟ್ಟು ತಡೀಲಿಲ್ಲ."

"ಏನಂದಿ?"

ಗುರುಸಿದ್ದ ತಲೆ ತಗ್ಗಿಸಿದ.

"ನೀ ನಮ್ಮಣ್ಣನೇ ಅಲ್ಲ ಅಂದೆ."

ಅಜ್ಜಾರು ನಗಲಿಲ್ಲ, ಬೈಯಲಿಲ್ಲ. ಕೈಚಾಚಿ ಕಂಪ್ಯೂಟರ್ ಬಂದ್ ಮಾಡಿದರು.

"ಎಲ್ಲದಾನ ಈಗ?"

"ಹೊಳಿ ಆಚೆ, ಮನ್ಯಾಗ. ಹ್ವಾದ ವರ್ಷ ಈ ಹೊತ್ತಿಗೆ ಬನ್ನಿ ಕೊಟ್ಟು ಅವನ ಕಾಲಿಗೆ ಬಿದ್ದು ಬಂದಿದ್ದೆ. ಈ ಸಲ ಹೋಗಿಲ್ಲ." ಅವನ ಕಣ್ಣು ತುಂಬಿತು. "ಹೋದ್ರ ಬಾಗಿಲು ತೆಗೀದಿದ್ರ, ಅಜ್ಜಾರ? ನೀ ಯಾರು ಅಂದ್ರ?"

ಅಜ್ಜಾರು ತಮಗೆ ಬಂದಿದ್ದ ಬನ್ನಿ ಎಲೆಗಳಲ್ಲಿ ಒಂದು ಹಿಡಿ ತೆಗೆದು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಮಷಿನ್ನು ನೀ ಆಡಿದ ಮಾತು ನಂಬ್ಯದ. ನಿಮ್ಮಣ್ಣ ನಂಬ್ಯಾನೋ ಇಲ್ಲೋ, ಇದನ್ನ ಕೊಟ್ಟು ನೋಡು."