ಬೇಲಿಯಂಚಿನ ಕೆಂಪು ದಂಟು

ಪಾಪುವಾ ನ್ಯೂಗಿನಿಯ ನಡುಬೆಟ್ಟಗಳಲ್ಲಿ ಟೆಲೆಫೋಲ್ ಎಂಬ ಜನರಿದ್ದಾರೆ. ಅವರ ಒಂದು ಪುಟ್ಟ ಹಳ್ಳಿಯಲ್ಲಿ, ತೊಗಟೆಯ ಗೋಡೆಯ ಒಂಟಿ ಕೋಣೆಯಲ್ಲಿ, ಪೂಜ್ಯ ದೂಮಾನಿಪ್ ಅವ್ವನವರು ವಾಸವಾಗಿದ್ದರು. ಅವರು ಬೋಧಿಸಿದವರಲ್ಲ, ಓದು ಬಂದವರೂ ಅಲ್ಲ. ನೂಲಿನ ಜೋಳಿಗೆಯ ಪಟ್ಟಿಯನ್ನು ಹಣೆಗೆ ಕೊಟ್ಟು, ಬೆನ್ನ ತುಂಬ ಕೆಸುವಿನ ಗೆಡ್ಡೆ ಹೊತ್ತು ಬೆಟ್ಟ ಇಳಿಯುವಾಗಲೂ ಅವರ ತುಟಿಗಳು ಪ್ರಾರ್ಥನೆಯಲ್ಲಿ ಅಲುಗುತ್ತಿದ್ದವು. ಅವರ ತೋಟದಲ್ಲಿ ಕೆಂಪು ದಂಟಿನ, ಹಳದಿ ತಿರುಳಿನ ಒಂದು ಕೆಸುವು ಬೆಳೆಯುತ್ತಿತ್ತು. ತಾಯಿಯಿಂದ ಬಂದ ಆ ತಳಿ ಊರಿನಲ್ಲಿ ಬೇರೆ ಯಾರಲ್ಲೂ ಇರಲಿಲ್ಲ.

ಅದೇ ಊರಿನ ಕ್ರೈಸ್ತ ಸಭೆಗೆ ಬಿನೆಮ್‌ಸೆಪ್ ಹಿರಿಯನಾಗಿದ್ದ. ಗಟ್ಟಿ ದನಿ, ಉದ್ದ ಪ್ರಾರ್ಥನೆ. ಅವ್ವನವರ ಮೌನ ಪ್ರಾರ್ಥನೆಯನ್ನು ಕಂಡು, "ಅವ್ವಾ, ನೀವು ಮಾತಾಡುವುದು ದೇವರಿಗಾದರೂ ಕೇಳುತ್ತದೆಯೇ?" ಎಂದು ನಗುತ್ತಿದ್ದ. ಅವ್ವನವರೂ ನಗುತ್ತಿದ್ದರು.

ಬಿನೆಮ್‌ಸೆಪ್ ಬೋಧನೆಯಲ್ಲಿ ಎಷ್ಟು ಚುರುಕೋ ಬೇಲಿ ಕಟ್ಟುವುದರಲ್ಲಿ ಅಷ್ಟೇ ಸೋಮಾರಿ. ಒಂದು ವರ್ಷ ಹಂದಿಗಳು ನುಗ್ಗಿ ಅವನ ತೋಟವನ್ನೆಲ್ಲ ಅಗೆದುಹಾಕಿದವು. ಆ ಹೊತ್ತಿಗೇ ಕಣಿವೆಯಾಚೆಯಿಂದ ಹೆಂಡತಿಯ ಅಣ್ಣಂದಿರು ಬರುತ್ತಾರೆಂದು ಸುದ್ದಿ ಬಂತು. ಮನೆಗೆ ಬಂದವರ ಮುಂದೆ ಕೆಸುವು ಇಡಲಾಗದವನು ಆ ಜನರಲ್ಲಿ ತಲೆ ಎತ್ತಿ ನಡೆಯುವಂತಿಲ್ಲ. ಒಂದು ಬೆಳಿಗ್ಗೆ, ಮಂಜು ದಟ್ಟವಾಗಿದ್ದಾಗ, ಅವನು ಅವ್ವನವರ ತೋಟಕ್ಕೆ ನುಗ್ಗಿ ಕೆಂಪು ದಂಟಿನ ಸಾಲನ್ನು ಪೂರ್ತಿ ಕಿತ್ತು ತಂದ.

ಗೆಡ್ಡೆಗಳನ್ನು ತಾನೇ ಸುಟ್ಟು, ಆ ತಳಿಯನ್ನು ಕಂಡರಿಯದ ನೆಂಟರಿಗೆ ಬಡಿಸಿದ್ದಾಯಿತು. ದಂಟುಗಳು ಉಳಿದವು. ಕಳ್ಳನಾದವನು ಅವನ್ನು ಹೊಳೆಗೆ ಎಸೆಯಬೇಕಿತ್ತು. ಆದರೆ ಗೆಡ್ಡೆಯನ್ನು ಕೊಯ್ದ ಮೇಲೆ ದಂಟನ್ನು ಮತ್ತೆ ಮಣ್ಣಿಗೆ ಊರುವುದು ಟೆಲೆಫೋಲ್ ಕೈಗೆ ಹುಟ್ಟಿನಿಂದ ಬಂದ ಅಭ್ಯಾಸ. ಜೀವವಿರುವ ದಂಟನ್ನು ಎಸೆಯಲು ಅವನಿಂದ ಆಗಲೇ ಇಲ್ಲ. ಕಾಡಿನಂಚಿನ ತನ್ನ ಹೊಸ ತೋಟದ ಮೂಲೆಯಲ್ಲಿ, ಬಾಳೆಗಳ ಹಿಂದೆ, ಅವನ್ನು ನೆಟ್ಟುಬಿಟ್ಟ.

ಊರಿನವರು ಕದ್ದವನನ್ನು ಹುಡುಕಿದರು. ಒಂಟಿಯಾಗಿದ್ದ ಬಡ ಯೂಲಾಕನ ಕಡೆಗೆ ಎಲ್ಲರ ಬೆರಳು ಹೋಯಿತು. ಅವ್ವನವರೊಬ್ಬರೇ, "ನಾನು ನೋಡಿಲ್ಲ, ನೀವೂ ನೋಡಿಲ್ಲ" ಎಂದರು. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಿನೆಮ್‌ಸೆಪ್ ಬಾಯಿ ಬಿಡಲಿಲ್ಲ. ಸಾಲದ್ದಕ್ಕೆ, ಯೂಲಾಕನನ್ನು, ಕರ್ತನಾದ ಯೇಸುವಿನ ನೆನಪಿಗೆ ಸಭೆಯೆಲ್ಲ ಹಂಚಿ ತಿನ್ನುವ ಪ್ರಭುಭೋಜನದಿಂದ ದೂರವಿರಿಸಿ, ಅವನ ಮನಸ್ಸು ತಿರುಗಲೆಂದು ಸಭೆಯ ಮುಂದೆ ಉದ್ದವಾಗಿ ಪ್ರಾರ್ಥಿಸಿದ! ಇದನ್ನು ಬರೆಯಲು ನಮಗೇ ನಾಚಿಕೆಯಾಗುತ್ತದೆ. ಯೂಲಾಕ ಅಂದಿನಿಂದ ದೇವಾಲಯದ ಬಾಗಿಲ ಬಳಿ ಕುಳಿತು, ಎಲ್ಲರೂ ತಿನ್ನುವುದನ್ನು ನೋಡಿ ಮನೆಗೆ ಹೋಗುತ್ತಿದ್ದ.

ಮೂಲೆಯಲ್ಲಿ ದಂಟುಗಳು ಎದ್ದು ನಿಂತವು. ಹೊಸ ಎಲೆ ಬಿಚ್ಚಿದಾಗಲೆಲ್ಲ ಬಿನೆಮ್‌ಸೆಪ್‌ ಕೀಳಲು ಹೋಗುವನು, ಕೈ ಬಾರದೆ ಮರಳುವನು. ಹೆಂಡತಿಯನ್ನೂ ಅತ್ತ ಬಿಡುತ್ತಿರಲಿಲ್ಲ.

ಗೆಡ್ಡೆ ಬಲಿಯುವ ಕಾಲಕ್ಕೆ ಅವಳು ಜ್ವರದಿಂದ ಮಲಗಿದಳು. ಇದು ತಿಳಿದ ಅವ್ವನವರು ಯಾರೂ ಕರೆಯದೆಯೇ ಅವಳ ತೋಟದ ಕಳೆ ಕೀಳಲು ಬಂದರು. ಬಿನೆಮ್‌ಸೆಪ್ ಓಡಿ ಬರುವಷ್ಟರಲ್ಲಿ ಅವರು ಬಾಳೆಗಳ ಹಿಂದೆ ಮೊಣಕಾಲೂರಿದ್ದರು. ಸುಕ್ಕುಗಟ್ಟಿದ ಕೈ ಒಂದು ಕೆಂಪು ದಂಟಿನ ಮೇಲಿತ್ತು.

ಅವನು ಬೈಗುಳ ಬಂದೀತೆಂದು ಕಾದ. ಅವ್ವನವರ ಕಣ್ಣು ತುಂಬಿತ್ತು, ಮುಖದಲ್ಲಿ ಕೋಪವಿರಲಿಲ್ಲ. ಬುಡದ ಹುಲ್ಲನ್ನು ಕಿತ್ತು ಮುಗಿಸಿ, ಅವರು ಮೆಲ್ಲಗೆ ಎದ್ದರು.

"ಬಲಿತಿವೆ, ತಮ್ಮಾ. ಭಾನುವಾರ ಕರ್ತನ ಮೇಜಿಗೆ ಇವನ್ನೇ ತಾ."

ಅಷ್ಟು ಹೇಳಿ ಉಳಿದ ಸಾಲುಗಳ ಕಳೆಗೆ ಹೋದರು.

ಆ ಬೆಟ್ಟಗಳಲ್ಲಿ ರೊಟ್ಟಿ ಇಲ್ಲ. ಪ್ರಭುಭೋಜನಕ್ಕೆ ಸುಟ್ಟ ಕೆಸುವನ್ನೇ ಮುರಿಯುತ್ತಾರೆ. ಭಾನುವಾರ ಬಿನೆಮ್‌ಸೆಪ್ ಬಾಳೆಯೆಲೆಯ ಮೇಲೆ ಗೆಡ್ಡೆಯನ್ನಿಟ್ಟು ಮುರಿದ. ಹಳದಿ ತಿರುಳು ಕಂಡೊಡನೆ ಹೆಂಗಸರ ಸಾಲಿನಲ್ಲಿ ಗುಜುಗುಜು ಎದ್ದಿತು. ಅದು ಯಾರ ತೋಟದ್ದೆಂದು ಮಕ್ಕಳಿಗೂ ಗೊತ್ತು.

"ಇದು ಅವ್ವನವರದು," ಎಂದ ಬಿನೆಮ್‌ಸೆಪ್. ಆ ಗಟ್ಟಿ ದನಿ ಅಂದು ಮೊದಲ ಸಾಲಿಗೂ ಸರಿಯಾಗಿ ಕೇಳಲಿಲ್ಲ. "ಕದ್ದವನು ನಾನು. ಯೂಲಾಕ ಅಲ್ಲ."

ಅವನು ಎಲೆಯನ್ನು ಕೆಳಗಿಟ್ಟು ಹೊರಗೆ ಹೋಗಲು ತಿರುಗಿದ. ಆಗ ಅವ್ವನವರು ಕುಳಿತಲ್ಲಿಂದಲೇ ಹೇಳಿದರು: "ಯೂಲಾಕನಿಗೆ ನೀನೇ ಕೊಡು."

ಬಾಗಿಲವರೆಗಿನ ಆ ಸಣ್ಣ ದೂರವನ್ನು ನಡೆಯುವುದಕ್ಕಿಂತ ಬೆಟ್ಟ ಹತ್ತುವುದು ಸುಲಭವಾಗಿತ್ತು ಎಂದು ಅವನು ಮುಂದೆ ಹೇಳುತ್ತಿದ್ದ. ಯೂಲಾಕ ಎರಡೂ ಕೈ ಚಾಚಿ ತುಂಡನ್ನು ತೆಗೆದುಕೊಂಡ. ಬಾಯಿಗಿಟ್ಟು ಬಹಳ ಹೊತ್ತು ಅಗಿದ.

"ರುಚಿಯೇ ಮರೆತುಹೋಗಿತ್ತು, ಅಣ್ಣಾ," ಎಂದ.

ಬಿನೆಮ್‌ಸೆಪ್ ಅಲ್ಲಿಯೇ ಕುಸಿದು ಕುಳಿತು ಅತ್ತ. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಅಂದಿನಿಂದ ಅವನು ಹಿರಿಯರ ಸಾಲಿಗೆ ಮರಳಲಿಲ್ಲ. ಬಾಗಿಲ ಬಳಿಯೇ ಅವನ ಜಾಗವಾಯಿತು.

ಮರುದಿನ ದಂಟುಗಳನ್ನೆಲ್ಲ ಜೋಳಿಗೆಯಲ್ಲಿ ತುಂಬಿಕೊಂಡು ಹೋಗಿ ಅವ್ವನವರ ಕಾಲ ಬಳಿ ಇಟ್ಟ. ಅವರು ಅವನ್ನು ಎರಡು ಪಾಲು ಮಾಡಿ, ಒಂದನ್ನು ಮರಳಿ ಅವನ ಜೋಳಿಗೆಗೇ ಹಾಕಿದರು.

"ನನಗೆ ಬೇಡ ಅವ್ವಾ, ನಾನು ಕಳ್ಳ."

"ಇಟ್ಟುಕೋ," ಎಂದರು ಅವ್ವನವರು. "ನನ್ನವು ಕೆಟ್ಟುಹೋದರೆ ನಿನ್ನ ಹತ್ತಿರವೇ ಕೇಳಿ ಪಡೆಯಬೇಕಲ್ಲ."

ತಲೆ ತಗ್ಗಿಸಿಕೊಂಡೇ ಅವನು ತೋಟಕ್ಕೆ ಹೋದ. ದಂಟು ನೆಡುವ ಮೊದಲು ಬೇಲಿ ಕಟ್ಟಿದ.